ಪಾಲೆ ಕಷಾಯ: ಆಟಿಯ ಕಹಿ ಮತ್ತು ಚಳಿಜ್ವರ

ಆಟಿ ಅಮಾವಾಸ್ಯೆಯ ಬೆಳಿಗ್ಗೆ ಮಂಗಳೂರು, ಉಡುಪಿ ಕಡೆಯ ಯಾರಿಗೆ ಫೋನ್ ಮಾಡಿದರೂ ಮೊದಲು ಕೇಳುವುದು ಒಂದೇ ಮಾತು: "ಪಾಲೆ ಕಷಾಯ ಕುಡಿದಾಯ್ತಾ?" ರಾಜ್ಯದ ಬೇರೆ ಕಡೆ ಹೆಚ್ಚಾಗಿ ಅದೇ ದಿನ ಭೀಮನ ಅಮಾವಾಸ್ಯೆ. ಅಲ್ಲಿ ಗಂಡನ ಪಾದಪೂಜೆ ನಡೆಯುವ ಹೊತ್ತಿಗೆ, ನಮ್ಮಲ್ಲಿ ಮಕ್ಕಳು ಮೂಗು ಹಿಡಿದುಕೊಂಡು ಲೋಟ ಖಾಲಿ ಮಾಡುತ್ತಿರುತ್ತಾರೆ. ಬೆಂಗಳೂರಿನ ಗೆಳತಿಯೊಬ್ಬಳಿಗೆ ಇದನ್ನು ಹೇಳಿದಾಗ, "ಅಡಿಕೆ ಹಾಳೆಯಿಂದ ಕಷಾಯ ಮಾಡ್ತೀರಾ?" ಅಂತ ಕೇಳಿದಳು. ಹಾಗಾಗಿ ಮೊದಲು ಪದವನ್ನೇ ನೋಡೋಣ.

ಪಾಲೆ ಅಂದರೆ ಹಾಲಿನ ಮರ. ಹಳಗನ್ನಡದ 'ಪ' ಕನ್ನಡದಲ್ಲಿ 'ಹ' ಆಯಿತು ಅಲ್ವಾ? ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪಾಲ್ ಹಾಲಾಯಿತು. ಅದೇ ದಾರಿಯಲ್ಲಿ ತುಳುವಿನ ಪಾಲೆ ಕನ್ನಡದಲ್ಲಿ ಹಾಲೆ. ಮದ್ದಾಲೆ ಅಂತಲೂ ಕರೆಯುತ್ತಾರೆ. ತೊಗಟೆಗೆ ಸ್ವಲ್ಪ ಗೀರು ಬಿದ್ದರೂ ಬಿಳಿ ಹಾಲು ಒಸರುತ್ತದೆ. ಹೆಸರು ಬಂದಿದ್ದು ಅದರಿಂದಲೇ. ಇಲ್ಲಿ ನನಗೆ ತುಂಬಾ ಇಷ್ಟವಾಗುವ ಸಂಗತಿ ಒಂದಿದೆ. ಇವತ್ತಿನ ತುಳುವಿನಲ್ಲಿ ಕುಡಿಯುವ ಹಾಲಿಗೆ 'ಪೇರ್' ಅನ್ನುತ್ತಾರೆ. ಆದರೂ ಮರದ ಹೆಸರಿನಲ್ಲಿ ಹಳೆಯ 'ಪಾಲ್' ಹಾಗೇ ಉಳಿದಿದೆ.

ಮಲಯಾಳಂನಲ್ಲಿ ಇದು ಏಳಿಲಂಪಾಲ, ಅಂದರೆ ಏಳೆಲೆಯ ಪಾಲೆ. ಸಂಸ್ಕೃತದಲ್ಲಿ ಸಪ್ತಪರ್ಣ. ಒಂದೇ ಗಿಣ್ಣಿನ ಸುತ್ತ ಕೊಡೆಯ ಕಡ್ಡಿಗಳ ಹಾಗೆ ಎಲೆಗಳು ಹರಡಿರುತ್ತವೆ. ಎಣಿಸಿದರೆ ಕೆಲವು ಕಡೆ ಐದೋ ಆರೋ ಸಿಗುತ್ತವೆ, ಏಳೇ ಇರಬೇಕು ಅಂತೇನಿಲ್ಲ. ವಿಜ್ಞಾನಿಗಳು ಇಟ್ಟ ಹೆಸರು ಅಲ್‌ಸ್ಟೋನಿಯಾ ಸ್ಕೊಲಾರಿಸ್. ಇದರ ಹಗುರವಾದ ಮರದಿಂದ ಹಿಂದೆ ಶಾಲೆಯ ಮಕ್ಕಳಿಗೆ ಬರೆಯುವ ಹಲಗೆ ಮಾಡುತ್ತಿದ್ದರು. ಸ್ಕೊಲಾರಿಸ್ ಅನ್ನುವುದು ಆ ಶಾಲೆಯ ನೆನಪು. ಕಣಗಿಲೆ, ನಿತ್ಯಪುಷ್ಪ ಎಲ್ಲ ಇದೇ ಕುಟುಂಬದವು.

ಇನ್ನು ಕಷಾಯ. ನಮ್ಮ ಮನೆಯಲ್ಲಿ ಅಜ್ಜ ಹಿಂದಿನ ದಿನ ಸಂಜೆಯೇ ಹೋಗಿ ಮರ ಗುರುತು ಮಾಡಿ, ಬುಡದಲ್ಲಿ ಒಂದು ಕಲ್ಲಿಟ್ಟು ಬರುತ್ತಿದ್ದರು. ಮರುದಿನ ಸೂರ್ಯ ಹುಟ್ಟುವ ಮೊದಲು ಅದೇ ಕಲ್ಲಿನಿಂದ ಜಜ್ಜಿ ಕೆತ್ತೆ ಎಬ್ಬಿಸಬೇಕು. ಕೆತ್ತೆ ಅಂದರೆ ತೊಗಟೆ. ಕತ್ತಿ, ಚೂರಿ ಮುಟ್ಟಿಸುವ ಹಾಗಿಲ್ಲ, ಕಬ್ಬಿಣ ತಾಗಿದರೆ ಮದ್ದಿನ ಗುಣ ಹೋಗುತ್ತದೆ ಅನ್ನುವುದು ನಂಬಿಕೆ. ಮಳೆಯಲ್ಲಿ ನೆನೆದು ಬಂದ ಅಜ್ಜನ ಬೆರಳುಗಳಿಗೆ ಅಂಟಂಟು ಹಾಲು ಮೆತ್ತಿಕೊಂಡಿರುತ್ತಿತ್ತು. ಅಜ್ಜಿ ಕೆತ್ತೆಯ ಹೊರಗಿನ ಸಿಪ್ಪೆ ಕೆರೆದು, ಓಮ, ಕರಿಮೆಣಸು, ಬೆಳ್ಳುಳ್ಳಿ ಸೇರಿಸಿ ಅರೆದು ಸೋಸುತ್ತಿದ್ದರು. ಒಲೆಯ ಕೆಂಡದಲ್ಲಿ ಒಂದು ಬೆಣಚುಕಲ್ಲು ಕಾಯುತ್ತಾ ಇರುತ್ತಿತ್ತು. ಅದನ್ನು ಇಕ್ಕಳದಲ್ಲಿ ಎತ್ತಿ ಕಷಾಯಕ್ಕೆ ಹಾಕಿದರೆ ಚುಂಯ್ ಅಂತ ಸದ್ದು, ಮುಖಕ್ಕೆ ಹಬೆ, ಓಮದ ಘಾಟು. ಖಾಲಿ ಹೊಟ್ಟೆಯಲ್ಲಿ ಅರ್ಧ ಲೋಟ. ಆ ಕಹಿ ನಾಲಿಗೆಯ ಬುಡದಲ್ಲಿ ಕೂತರೆ ಮಧ್ಯಾಹ್ನದವರೆಗೂ ಏಳುವುದಿಲ್ಲ. ಕಷಾಯ ಉಷ್ಣ ಅಂತ ಆಮೇಲೆ ಮೆಂತೆ ಗಂಜಿ. ಆ ಗಂಜಿಯ ಆಸೆಗೇ ಎಷ್ಟೋ ಮಕ್ಕಳು ಕಷಾಯ ಕುಡಿಯುತ್ತಾರೆ.

ಆದರೆ ಇದೇ ಮರ ಯಾಕೆ? ಆಟಿ ಅಂದರೆ ಜುಲೈ, ಆಗಸ್ಟ್ ಹೊತ್ತಿನ ಸುರಿಮಳೆಯ ತಿಂಗಳು. ಹಿಂದೆ ಅದು ಅಕ್ಕಿ ಮುಗಿಯುವ, ಜ್ವರ ಹಿಡಿಯುವ ತಿಂಗಳೂ ಹೌದು. ಕರಾವಳಿಗೂ ಮಲೆನಾಡಿಗೂ ಚಳಿಜ್ವರ ಹೊಸದಲ್ಲ. ಆಯುರ್ವೇದದಲ್ಲಿ ಸಪ್ತಪರ್ಣದ ತೊಗಟೆಯನ್ನು ಹೇಳಿರುವ ಕಾಯಿಲೆಗಳಲ್ಲಿ ವಿಷಮಜ್ವರವೂ ಒಂದು. ವಿಷಮಜ್ವರ ಅಂದರೆ ವಿಷದ ಜ್ವರ ಅಲ್ಲ. ಒಂದೇ ಸಮನಾಗಿ ಇರದೆ, ಬಿಟ್ಟು ಬಿಟ್ಟು ಬರುವ ಜ್ವರ. ಅದರಲ್ಲಿ ಒಂದು ದಿನ ಬಿಟ್ಟು ಬರುವುದು ತೃತೀಯಕ, ಎರಡು ದಿನ ಬಿಟ್ಟು ಬರುವುದು ಚತುರ್ಥಕ. ಇವತ್ತಿನ ವೈದ್ಯರು ವೈವಾಕ್ಸ್ ಮಲೇರಿಯಾ ಸುಮಾರು 48 ಗಂಟೆಗೊಮ್ಮೆ, ಮಲೇರಿಯೇ ಎಂಬ ಇನ್ನೊಂದು ಬಗೆ 72 ಗಂಟೆಗೊಮ್ಮೆ ಏರುತ್ತದೆ ಅನ್ನುತ್ತಾರೆ. ರಕ್ತದೊಳಗೆ ಏನಿದೆ ಅಂತ ಗೊತ್ತಿಲ್ಲದ ಕಾಲದಲ್ಲೇ ದಿನ ಎಣಿಸಿ ಹೆಸರಿಟ್ಟವರ ಕಣ್ಣು ಎಷ್ಟು ಚುರುಕು ನೋಡಿ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರಾವಲಂಬಿ ಕಂಡಿದ್ದು 1897ರಲ್ಲಿ, ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್‌ಗೆ. ಅದಕ್ಕೆ ಎಷ್ಟೋ ಶತಮಾನ ಮೊದಲಿನ ಹೆಸರುಗಳಿವು.

ಪಾಲೆಯ ಕಹಿಯನ್ನು ನಂಬಿದ್ದು ನಮ್ಮ ಅಜ್ಜಂದಿರು ಮಾತ್ರ ಅಲ್ಲ. 1820ರಲ್ಲಿ ಪೆಲ್ಟಿಯೇ ಮತ್ತು ಕ್ಯಾವಂಟೂ ಎಂಬ ಫ್ರೆಂಚ್ ವಿಜ್ಞಾನಿಗಳು ದಕ್ಷಿಣ ಅಮೆರಿಕದ ಸಿಂಕೋನಾ ತೊಗಟೆಯಿಂದ ಕ್ವಿನೈನ್ ಬೇರ್ಪಡಿಸಿದರು. ಆ ಕಹಿ ಜ್ವರವನ್ನು ಗೆದ್ದ ಮೇಲೆ, ಬೇರೆ ಕಹಿ ತೊಗಟೆಗಳ ಮೇಲೂ ಎಲ್ಲರ ಕಣ್ಣು ಬಿತ್ತು. ಕ್ವಿನೈನ್ ದುಬಾರಿ, ಪಾಲೆ ಸುಮ್ನೆ ಸಿಗುವ ಮರ. ಫಿಲಿಪ್ಪೀನ್ಸ್‌ನಲ್ಲಿ ಇದಕ್ಕೆ ದೀತಾ ಅನ್ನುತ್ತಾರೆ. ಹತ್ತೊಂಬತ್ತನೇ ಶತಮಾನದಲ್ಲಿ 'ದೀತಾ ತೊಗಟೆ' ಕ್ವಿನೈನಿಗೆ ಬದಲಿ ಅಂತ ಯುರೋಪಿನವರೆಗೂ ಹೆಸರು ಮಾಡಿತ್ತು. ಅದರಲ್ಲಿರುವ ಎಕಿಟಮೀನ್ ಎಂಬ ಅಂಶವನ್ನು ಆಮೇಲೆ ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. ಮಲೇರಿಯಾದ ಪರಾವಲಂಬಿಯ ಮೇಲೆ ಅದು ಹೇಳಿಕೊಳ್ಳುವಷ್ಟು ಕೆಲಸ ಮಾಡಲಿಲ್ಲ. ಕಹಿ ಒಂದೇ ತರಹ ಇದ್ದರೂ ಒಳಗಿರುವ ವಸ್ತು ಬೇರೆ.

ನಮ್ಮ ದೇಶದಲ್ಲೂ ಇದನ್ನು ಗಂಭೀರವಾಗಿ ಪರೀಕ್ಷೆ ಮಾಡಿದ್ದಾರೆ. ಕೋವಿಡ್ ಸಮಯದಲ್ಲಿ ಆಯುಷ್-64 ಎಂಬ ಮಾತ್ರೆಯ ಹೆಸರು ಕೇಳಿರುತ್ತೀರಿ. ಅದು ಮೂಲತಃ ಮಲೇರಿಯಾಕ್ಕೆಂದು ಕೇಂದ್ರ ಸರ್ಕಾರದ ಆಯುರ್ವೇದ ಸಂಶೋಧನಾ ಮಂಡಳಿ ಮಾಡಿದ್ದು. ಅದರಲ್ಲಿರುವುದು ಪಾಲೆಯ ತೊಗಟೆ, ಕಟುಕರೋಹಿಣಿ, ಕಿರಾತಕಡ್ಡಿ ಮತ್ತು ನಾವು ಚಿಕ್ಕಂದಿನಲ್ಲಿ ಆಡುತ್ತಿದ್ದ ಗಜ್ಜುಗದ ಬೀಜ. ಇದನ್ನು ವೈದ್ಯರು ಮಲೇರಿಯಾಕ್ಕೆ ಕೊಡುವ ಕ್ಲೋರೋಕ್ವಿನ್ ಮಾತ್ರೆಯ ಜೊತೆ ಹೋಲಿಸಿದ ಅಧ್ಯಯನವೊಂದು 2000ರಲ್ಲಿ ಪ್ರಕಟವಾಯಿತು. ವೈವಾಕ್ಸ್ ಮಲೇರಿಯಾ ಇದ್ದವರನ್ನು 28 ದಿನ ನೋಡಿದರು. ಕ್ಲೋರೋಕ್ವಿನ್ ತಗೊಂಡ ಎಲ್ಲರೂ ಗುಣವಾಗಿದ್ದರು. ಆಯುಷ್-64 ತಗೊಂಡವರಲ್ಲಿ ಗುಣವಾಗಿದ್ದು ಅರ್ಧದಷ್ಟು ಜನ. ಅರ್ಧ ಜನರಿಗೆ ವಾಸಿಯಾಯಿತಲ್ಲ ಅಂತ ಅನಿಸಬಹುದು. ಉಳಿದ ಅರ್ಧದಲ್ಲಿ ನಮ್ಮ ಮಗು ಇದ್ದರೆ?

ಈಗ ನನಗೆ ಜಾಸ್ತಿ ಮುಖ್ಯ ಅನಿಸುವ ವಿಷಯ. ನನ್ನ ದೊಡ್ಡಮ್ಮನ ಮಗನಿಗೆ ಒಮ್ಮೆ ಮಳೆಗಾಲದಲ್ಲಿ ನಡುಕ ಹತ್ತಿ ಜ್ವರ ಬಂತು. ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ. ಸಂಜೆ ಬೆವರಿ ಮಲಗಿದ. ದೊಡ್ಡಮ್ಮ ಪಾಲೆ ಕಷಾಯ ಕೊಟ್ಟರು. ಮರುದಿನ ಜ್ವರವೇ ಇಲ್ಲ, ಎದ್ದು ಓಡಾಡಿದ. "ನೋಡಿದ್ರಾ, ಒಂದೇ ಲೋಟಕ್ಕೆ ಹೋಯ್ತು" ಅಂದರು. ಅದರ ಮರುದಿನ ಮಧ್ಯಾಹ್ನ ಅದೇ ಹೊತ್ತಿಗೆ ಮತ್ತೆ ನಡುಕ. ಮತ್ತೆ ಕಷಾಯ, ಮತ್ತೆ ಒಂದು ದಿನ ಬಿಡುವು. ಹೀಗೆ ಒಂದು ವಾರ ಕಳೆದು, ಅವನ ಮುಖ ಬಿಳಿಚಿಕೊಂಡ ಮೇಲೆ ರಕ್ತ ಪರೀಕ್ಷೆ ಮಾಡಿಸಿದರು. ವೈವಾಕ್ಸ್ ಅಂತ ಗೊತ್ತಾಯಿತು. ದೊಡ್ಡಮ್ಮ ಸುಳ್ಳು ಹೇಳಿರಲಿಲ್ಲ. ಕಷಾಯ ಕುಡಿದ ಮರುದಿನ ಜ್ವರ ಇರಲಿಲ್ಲ, ನಿಜ. ಆದರೆ ಅದು ಜ್ವರವೇ ತಗೊಂಡ ರಜೆ. ತೃತೀಯಕ ಎಂಬ ಹೆಸರಿನಲ್ಲೇ ಆ ರಜೆಯ ಲೆಕ್ಕ ಇದೆ. ಎಷ್ಟು ತಲೆಮಾರುಗಳ ಅನುಭವ ಹೀಗೆ ಮರದ ಖಾತೆಗೆ ಜಮೆಯಾಗಿರಬಹುದು ಅಂತ ನಾನು ಆಗಾಗ ಯೋಚಿಸುತ್ತೇನೆ.

ವೈವಾಕ್ಸ್‌ಗೆ ಇನ್ನೊಂದು ಕೆಟ್ಟ ಗುಣ ಇದೆ. ಅದರ ಪರಾವಲಂಬಿ ಯಕೃತ್ತಿನಲ್ಲಿ ಅಡಗಿ ಮಲಗಿದ್ದು, ತಿಂಗಳುಗಳ ನಂತರ ಮತ್ತೆ ಏಳುತ್ತದೆ. ಅದಕ್ಕೇ ವೈದ್ಯರು ಕ್ಲೋರೋಕ್ವಿನ್ ಮುಗಿದ ಮೇಲೂ ಪ್ರೈಮಾಕ್ವಿನ್ ಮಾತ್ರೆಯನ್ನು 14 ದಿನ ಕೊಡುವುದು. ಜ್ವರ ಬಿಟ್ಟಿತಲ್ಲ ಅಂತ ಐದನೇ ದಿನಕ್ಕೇ ಮಾತ್ರೆ ನಿಲ್ಲಿಸುವವರು ತುಂಬಾ ಜನ. ದಯವಿಟ್ಟು ಹಾಗೆ ಮಾಡಬೇಡಿ. ಗರ್ಭಿಣಿಯರಿಗೂ ಪುಟ್ಟ ಕೂಸುಗಳಿಗೂ ಆ ಮಾತ್ರೆ ಆಗುವುದಿಲ್ಲ, ವೈದ್ಯರೇ ನೋಡಿ ಕೊಡಬೇಕು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಮಲೇರಿಯಾದ ರಕ್ತ ಪರೀಕ್ಷೆಗೆ ದುಡ್ಡಿಲ್ಲ.

ಗಿಡದಿಂದ ಮಲೇರಿಯಾಕ್ಕೆ ಮದ್ದು ಸಿಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಚೀನಾದ ತು ಯೂಯೂ ನಾಲ್ಕನೇ ಶತಮಾನದ ವೈದ್ಯಗ್ರಂಥವೊಂದರಲ್ಲಿ ಒಂದು ಸೊಪ್ಪಿನ ಬಗ್ಗೆ ಓದಿದರು. ಅದನ್ನು ಕುದಿಸಬೇಕು ಅಂತ ಅಲ್ಲಿರಲಿಲ್ಲ, ನೀರಲ್ಲಿ ನೆನೆಸಿ ಹಿಂಡಿ ಕುಡಿಯಬೇಕು ಅಂತ ಇತ್ತು. ಬಿಸಿಗೆ ಗುಣ ಕೆಡುತ್ತಿರಬೇಕು ಅಂತ ಅವರಿಗೆ ಹೊಳೆಯಿತು. ಕಡಿಮೆ ಉಷ್ಣತೆಯಲ್ಲಿ ಸತ್ವ ತೆಗೆದರು. ಆರ್ಟೆಮಿಸಿನಿನ್ ಸಿಕ್ಕಿತು, 2015ರಲ್ಲಿ ನೊಬೆಲ್ ಬಂತು. ಹಳೆಯ ಮಾತನ್ನು ಅಷ್ಟು ಗಮನವಿಟ್ಟು ಓದಿ, ಅಷ್ಟೇ ಗಟ್ಟಿಯಾಗಿ ಪರೀಕ್ಷಿಸಿದ್ದಕ್ಕೆ ಸಿಕ್ಕ ಫಲ ಅದು. ಪಾಲೆಯ ವಿಷಯದಲ್ಲಿ ಪರೀಕ್ಷೆ ಬೇರೆ ಉತ್ತರ ಕೊಟ್ಟಿದೆ, ಅಷ್ಟೇ.

ಹಾಗಂತ ನಮ್ಮ ಮನೆಯಲ್ಲಿ ಆಟಿಯ ಕಷಾಯ ನಿಂತಿಲ್ಲ, ನಿಲ್ಲುವುದೂ ಬೇಡ. ವರ್ಷಕ್ಕೊಂದು ದಿನ, ಅರ್ಧ ಲೋಟ. ಆದರೆ ಮರ ಗೊತ್ತಿರುವವರೇ ಕೆತ್ತೆ ತರಬೇಕು. ಕತ್ತಲಲ್ಲಿ ಗುರುತು ತಪ್ಪಿ ಕಾಸರಕದ ತೊಗಟೆ ತಂದರೆ ಅದು ನೇರ ವಿಷ. ಅಜ್ಜ ಹಗಲಲ್ಲೇ ಹೋಗಿ ಕಲ್ಲಿಟ್ಟು ಬರುತ್ತಿದ್ದುದು ಇದಕ್ಕೇ ಇರಬೇಕು.

ಇತ್ತೀಚೆಗೆ ಅಮಾವಾಸ್ಯೆಯ ದಿನ ಗಂಜಿ ಉಂಡ ಮೇಲೆ ನಮಗೆ ಇನ್ನೊಂದು ಕೆಲಸವೂ ಸೇರಿಕೊಂಡಿದೆ. ಗೆಳತಿ ಗೊಂದಲ ಮಾಡಿಕೊಂಡ ಆ ಅಡಿಕೆ ಹಾಳೆ ಇದೆಯಲ್ಲ, ಅದು ತೋಟದಲ್ಲಿ ಬಿದ್ದಲ್ಲೇ ದೋಣಿಯ ಹಾಗೆ ಮಳೆನೀರು ತುಂಬಿಕೊಂಡು ಕೂತಿರುತ್ತದೆ. ಹಗಲು ಕಚ್ಚುವ, ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮೊಟ್ಟೆ ಇಡಲು ಅಷ್ಟು ನೀರು ಸಾಕು. ಒಂದು ವಾರ, ಹತ್ತು ದಿನದಲ್ಲಿ ಮರಿ ಸೊಳ್ಳೆ ಹಾರುತ್ತದೆ. ರಬ್ಬರ್ ಮರದ ಚಿಪ್ಪುಗಳೂ ಅಷ್ಟೇ, ಹಿತ್ತಿಲಿನ ಹಳೆಯ ಅರೆಯುವ ಕಲ್ಲಿನ ಗುಂಡಿಯೂ ಅಷ್ಟೇ. ಮಕ್ಕಳು ಬಾಯಲ್ಲಿ ಇನ್ನೂ ಕಹಿ ಇಟ್ಟುಕೊಂಡೇ ತೋಟಕ್ಕಿಳಿದು ಒಂದೊಂದೇ ಹಾಳೆ ಮಗುಚಿ ಹಾಕುತ್ತಾರೆ. ಕಳೆದ ಸಲ ಚಿಕ್ಕವಳು ಒಂದು ಹಾಳೆಯ ನೀರಲ್ಲಿ ಕುಣಿಯುತ್ತಿದ್ದ ಹುಳುಗಳನ್ನು ಬಗ್ಗಿ ನೋಡಿ, "ಅಜ್ಜೀ, ಇವಕ್ಕೂ ಕಷಾಯ ಕೊಡೋಣ್ವಾ?" ಅಂತ ಕೂಗಿದಳು. ಅಜ್ಜಿ ಕೋಲಿನಿಂದ ಹಾಳೆ ಮಗುಚಿದರು.