ಐವತ್ತು ಮೀಟರ್ ಎಲ್ಲ ಊರಲ್ಲೂ ಐವತ್ತೇ ಇರಬೇಕು

ಆ ಹುಡುಗಿ ಬೆಳಗ್ಗೆ ಐದಕ್ಕೆ ಎದ್ದು, ಜೀಪು ಹತ್ತಿ, ಆಮೇಲೆ ಎಸ್‌ಟಿ ಬಸ್ಸು ಹಿಡಿದು ತಾಲೂಕು ಕ್ರೀಡಾಕೂಟಕ್ಕೆ ಬಂದಿದ್ದಳು. ನೂರು ಮೀಟರ್ ಓಟ. ಮೊದಲ ಹೀಟ್‌ನಲ್ಲೇ, ಅಂದರೆ ಫೈನಲ್‌ಗೆ ಆರಿಸುವ ಸುತ್ತಿನಲ್ಲೇ, ಐದನೆಯವಳಾದಳು. ಓಡಿದ್ದು ಹದಿನಾರು ಸೆಕೆಂಡು. ಮತ್ತೆ ಬಸ್ಸು, ಮತ್ತೆ ಜೀಪು. ಆ ವರ್ಷದ ಅವಳ ಸ್ಪರ್ಧೆ ಅಲ್ಲಿಗೆ ಮುಗಿಯಿತು.

ಪುಣೆಯಲ್ಲಿ ನಾನು ಕಲಿಸುವ ಮಕ್ಕಳಿಗೆ ರಜೆ ಬಂದರೆ ಸಾಕು, ಒಂದಲ್ಲ ಒಂದು ಟೂರ್ನಮೆಂಟ್ ಇರುತ್ತದೆ. ಪಾನ್‌ಶೆತ್ ಅಣೆಕಟ್ಟಿನ ಆಚೆ, ಘಟ್ಟದೊಳಗಿನ ಶಾಲೆಗಳಿಗೆ ಅದಿಲ್ಲ. ಕೆಲವು ಶಾಲೆಗಳಲ್ಲಿ ಇರುವುದೇ ಇಪ್ಪತ್ತು ಮಕ್ಕಳು. ಎರಡು ತಂಡ ಮಾಡುವುದೂ ಕಷ್ಟ. ಅಲ್ಲಿನ ಶಿಕ್ಷಕರ ಜೊತೆ ಸೇರಿ ಆನ್‌ಲೈನ್ ಲೀಗ್ ಶುರು ಮಾಡಿದ್ದು ಇದಕ್ಕೇ. ಆರು ಶಾಲೆ, ಎಂಟು ವಾರ, ವಾರಕ್ಕೊಂದು ಸ್ಪರ್ಧೆ. ಮಕ್ಕಳು ತಮ್ಮ ಅಂಗಳದಲ್ಲೇ ಓಡುತ್ತಾರೆ, ಜಿಗಿಯುತ್ತಾರೆ. ಗುರುಗಳು ಅಳೆದು, ವಿಡಿಯೊ ತೆಗೆದು, ಸೋಮವಾರ ಸಂಜೆಯೊಳಗೆ ಲೆಕ್ಕ ಕಳಿಸುತ್ತಾರೆ. ಮಂಗಳವಾರ ಅಂಕಪಟ್ಟಿ ಗೋಡೆಗೆ ಅಂಟುತ್ತದೆ.

ಆನ್‌ಲೈನ್ ಅಂದ ತಕ್ಷಣ ಪಾಲಕರ ಮೊದಲ ಪ್ರಶ್ನೆ, "ಮೊಬೈಲ್ ಗೇಮ್ ಅಲ್ವಾ ಸರ್?" ಅಲ್ಲ. ಮೊಬೈಲ್ ಗುರುಗಳ ಕೈಯಲ್ಲೇ ಇರುತ್ತದೆ.

ಆ್ಯಪ್ ಯಾವುದು ಅಂತ ಕೇಳುವವರೇ ಜಾಸ್ತಿ. ನನಗೆ ಅದು ದೊಡ್ಡ ವಿಷಯ ಅಲ್ಲ. ಒಂದು ಗೂಗಲ್ ಫಾರ್ಮ್, ಒಂದು ವಾಟ್ಸ್‌ಆ್ಯಪ್ ಗುಂಪು ಸಾಕು. ತಲೆನೋವು ಇರುವುದು ನೆಲದಲ್ಲಿ, ಟೇಪಿನಲ್ಲಿ, ಸೀಟಿಯಲ್ಲಿ.

ಮೊದಲ ವರ್ಷ ಒಂದು ಶಾಲೆಯ ಮಕ್ಕಳೆಲ್ಲ ಐವತ್ತು ಮೀಟರನ್ನು ಜಿಂಕೆ ಹಾಗೆ ಓಡಿಬಿಟ್ಟರು. ಗುಂಪಿನಲ್ಲಿ ಗುಸುಗುಸು ಶುರುವಾಯಿತು. ಹೋಗಿ ನೋಡಿದರೆ ಮೋಸ ಏನೂ ಇಲ್ಲ. ಅವರ ಬಟ್ಟೆ ಟೇಪಿನ ತುದಿ ಯಾವತ್ತೋ ಹರಿದುಹೋಗಿತ್ತು. ಅಂಕಿ ಎರಡರಿಂದ ಶುರು. ಪಾಪ, ಅವರು ಐವತ್ತು ಅಂತ ಓಡಿಸಿದ್ದು ನಲವತ್ತೆಂಟು ಮೀಟರ್! ಈಗ ವಿಡಿಯೊದಲ್ಲಿ ಟೇಪಿನ ಸೊನ್ನೆ ಮೊದಲು ಕಾಣಬೇಕು.

ಎರಡನೇ ತಪ್ಪು ನನ್ನದೇ. ಸ್ಟಾಪ್‌ವಾಚ್ ಯಾವಾಗ ಒತ್ತಬೇಕು ಅಂತ ನಾನು ಸರಿಯಾಗಿ ಬರೆದಿರಲಿಲ್ಲ. ಓಟ ಮುಗಿಯುವ ಗೆರೆಯಲ್ಲಿ ನಿಂತವರಲ್ಲಿ ಕೆಲವರು ಸೀಟಿ ಕೇಳಿ ಒತ್ತಿದರು, ಕೆಲವರು ಕರವಸ್ತ್ರ ಕೆಳಗೆ ಬಂದದ್ದನ್ನು ನೋಡಿ ಒತ್ತಿದರು. ಶಬ್ದ ಐವತ್ತು ಮೀಟರ್ ದಾಟಲು ಸುಮಾರು 0.15 ಸೆಕೆಂಡು ಬೇಕು. ಅಂದರೆ ಸೀಟಿ ಕೇಳಿದ ಶಾಲೆಯವರ ವಾಚು ತಡವಾಗಿ ಶುರುವಾಗಿ, ಅವರಿಗೆ ಅಷ್ಟು ಸಮಯ ಪುಕ್ಕಟೆ ಸಿಕ್ಕಿತು. ಹತ್ತು ಮಕ್ಕಳು ಅರ್ಧ ಸೆಕೆಂಡಿನೊಳಗೆ ಇರುವ ಪಟ್ಟಿಯಲ್ಲಿ ಇದು ಸಣ್ಣ ಮಾತಲ್ಲ. ಈಗ ಎಲ್ಲರೂ ಕೆಂಪು ಬಟ್ಟೆ ನೋಡಿಯೇ ಒತ್ತಬೇಕು.

ಇನ್ನು ಇಳಿಜಾರು. ಇದನ್ನು ಹಿಡಿದವರು ಆ ಹುಡುಗಿಯ ಅಪ್ಪ. ಯಾದಗಿರಿ ಕಡೆಯವರು, ಗೌಂಡಿ ಕೆಲಸ. ಈ ಘಟ್ಟದಲ್ಲಿ ಏಳುತ್ತಿರುವ ಫಾರ್ಮ್‌ಹೌಸ್‌ಗಳ ಕೆಲಸಕ್ಕೆ ಸಂಸಾರ ಸಮೇತ ಬಂದಿದ್ದಾರೆ. ಮಗಳು ಶಾಲೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ನಾನು ಕನ್ನಡದವನು ಅಂತ ಗೊತ್ತಾದ ಮೇಲೆ ಒಂದು ಶನಿವಾರ ಮೈದಾನಕ್ಕೇ ಬಂದರು. ಎರಡು ನಿಮಿಷ ಸುಮ್ನೆ ನಿಂತು ನೋಡಿದರು.

"ಸರ, ಇಳಿಜಾರ ಐತ್ರಿ ಇದು. ಹುಡುಗ್ರು ಕೆಳಗ ಓಡಾಕತ್ಯಾರ."

ನನಗೆ ಸಮತಟ್ಟಾಗೇ ಕಂಡಿತ್ತು. ಅವರು ತಮ್ಮ ಲೆವೆಲ್ ಪೈಪು ತಂದರು. ಪಾರದರ್ಶಕ ಪೈಪು, ಒಳಗೆ ನೀರು. ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದಲ್ಲ, ಅಲ್ಲಿಂದ ನೆಲಕ್ಕೆ ಎಷ್ಟು ಅಂತ ಎರಡೂ ಕಡೆ ಅಳೆದರೆ ಇಳಿತ ಗೊತ್ತಾಗುತ್ತದೆ. ಪೈಪು ಚಿಕ್ಕದು, ಹಾಗಾಗಿ ನಾಲ್ಕು ಹಂತದಲ್ಲಿ ಅಳೆದೆವು. ಅಥ್ಲೆಟಿಕ್ಸ್ ನಿಯಮದ ಪ್ರಕಾರ ಓಡುವ ದಿಕ್ಕಿನಲ್ಲಿ ಇಳಿಜಾರು ಸಾವಿರಕ್ಕೆ ಒಂದನ್ನು ಮೀರಬಾರದು. ಐವತ್ತು ಮೀಟರಿಗೆ ಐದು ಸೆಂಟಿಮೀಟರ್. ನಮಗೆ ಬಂದದ್ದು ಒಂದು ಮೊಳಕ್ಕಿಂತ ಜಾಸ್ತಿ!

ಘಟ್ಟದಲ್ಲಿ ಸಮತಟ್ಟು ನೆಲ ಎಲ್ಲಿಂದ ತರುವುದು? ಈಗ ಪ್ರತಿ ಮಗು ಒಮ್ಮೆ ಇಳಿಯುವ ಕಡೆ, ಸುಸ್ತು ಕಳೆದ ಮೇಲೆ ಒಮ್ಮೆ ಏರುವ ಕಡೆ ಓಡುತ್ತದೆ. ಎರಡರ ಸರಾಸರಿ ಲೆಕ್ಕಕ್ಕೆ. ಪೂರ್ತಿ ಸರಿ ಅಲ್ಲ, ಏರುವಾಗ ಕಳೆಯುವ ಸಮಯ ಇಳಿಯುವಾಗ ಅಷ್ಟಕ್ಕಷ್ಟೇ ವಾಪಸ್ ಬರುವುದಿಲ್ಲ. ಆದರೂ ಮೊದಲಿಗಿಂತ ಎಷ್ಟೋ ವಾಸಿ.

ನೆಲದ ಹಂಗು ಕಮ್ಮಿ ಇರುವ ಸ್ಪರ್ಧೆಗಳೂ ಇವೆ. ಮೂವತ್ತು ಸೆಕೆಂಡಿನಲ್ಲಿ ಎಷ್ಟು ಹಗ್ಗ ಜಿಗಿತ ಅನ್ನುವುದು ನನ್ನ ಮೆಚ್ಚಿನದು. ವಿಡಿಯೊ ನಿಧಾನ ಮಾಡಿ ಯಾರು ಬೇಕಾದರೂ ಎಣಿಸಬಹುದು. ಮಳೆಗಾಲದಲ್ಲಿ ವರಾಂಡದಲ್ಲೇ ಆಗುತ್ತದೆ. ಖೇಲೋ ಇಂಡಿಯಾದ ಶಾಲಾ ಫಿಟ್‌ನೆಸ್ ಪರೀಕ್ಷೆಯಲ್ಲಿರುವ 30 ಸೆಕೆಂಡಿನ ಕರ್ಲ್-ಅಪ್ (ಅಂಗಾತ ಮಲಗಿ ತಲೆ, ಭುಜ ಎತ್ತುವುದು) ಕೂಡ ಹಾಗೇ. 600 ಮೀಟರ್ ಓಟವೂ ಆ ಪರೀಕ್ಷೆಯಲ್ಲಿದೆ, ಆದರೆ ನಮ್ಮ ಅಂಗಳದಲ್ಲಿ ಅದಕ್ಕೆ ಗಾಣದೆತ್ತಿನ ಹಾಗೆ ಸುತ್ತಬೇಕು. ಬಿಟ್ಟುಬಿಟ್ಟೆವು. ಕಬಡ್ಡಿ, ಖೋ-ಖೋ ಅಂತೂ ಆನ್‌ಲೈನ್‌ನಲ್ಲಿ ಆಗದ ಮಾತು. ಎದುರಾಳಿಯ ಉಸಿರು ಕಿವಿಗೆ ಬೀಳಬೇಕು.

ಚೆಸ್ ಸುಲಭ ಅನ್ನಿಸುತ್ತದೆ. ಲಿಚೆಸ್ ಅನ್ನುವ ಚೆಸ್ ವೆಬ್‌ಸೈಟ್ ಪುಕ್ಕಟೆ, ಲೀಗ್ ನಡೆಸಲು ಎಲ್ಲ ಅನುಕೂಲ ಅದರಲ್ಲೇ ಇದೆ. ಆದರೆ ಆಟದ ಮಧ್ಯೆ ನೆಟ್ ಹೋದರೆ? 2020ರ ಆನ್‌ಲೈನ್ ಒಲಿಂಪಿಯಾಡ್ ಫೈನಲ್‌ನಲ್ಲೇ ಹೀಗಾಯಿತು. ಭಾರತದ ನಿಹಾಲ್ ಸರಿನ್ ಮತ್ತು ನಾಗಪುರದ ದಿವ್ಯಾ ದೇಶಮುಖ್ ಅವರ ಸಂಪರ್ಕ ಕಡಿದುಹೋಗಿ, ಕೊನೆಗೆ ಭಾರತ, ರಷ್ಯಾ ಎರಡಕ್ಕೂ ಚಿನ್ನ ಕೊಟ್ಟರು. ಅಂಥ ಕೂಟಕ್ಕೇ ಈ ಗತಿ. ನಮ್ಮ ನಿಯಮ ಸರಳ: ಸಂಪರ್ಕ ಹೋದರೆ ಆ ಆಟ ಮತ್ತೊಂದು ದಿನ ಮೊದಲಿನಿಂದ.

ಅಂಕ ಕೊಡುವಾಗ ಶಾಲೆಯ ಗಾತ್ರ ನೋಡಲೇಬೇಕು. ಪ್ರತಿ ಶಾಲೆಯ ಮೊದಲ ಐದು ಮಕ್ಕಳ ಫಲಿತಾಂಶ ಮಾತ್ರ ಸೇರಿಸುತ್ತೇವೆ. ಜೊತೆಗೆ ತನ್ನದೇ ಹಿಂದಿನ ದಾಖಲೆ ಮುರಿದವರಿಗೆಲ್ಲ ಒಂದೊಂದು ಅಂಕ. ಈ ಒಂದು ಅಂಕಕ್ಕೆ ಕೊನೆಯಲ್ಲಿ ಓಡುವ ಮಗುವೂ ಬೆಳಗ್ಗೆ ಬೇಗ ಬರುತ್ತದೆ. ವಿಡಿಯೊದಲ್ಲಿ ಮಕ್ಕಳ ಹೆಸರು ಇರುವುದಿಲ್ಲ, ಎದೆ ನಂಬರ್ ಮಾತ್ರ. ಪಾಲಕರ ಒಪ್ಪಿಗೆ ಮೊದಲೇ ಬರೆಸಿಕೊಳ್ಳುತ್ತೇವೆ. ಲೆಕ್ಕ ಮುಗಿದ ಮೇಲೆ ಅಳಿಸುತ್ತೇವೆ.

ತಾಲೂಕು ಕೂಟ ಬೇಡ ಅಂತ ನಾನು ಹೇಳುತ್ತಿಲ್ಲ. ಪಕ್ಕದ ಲೇನಿನಲ್ಲಿ ಇನ್ನೊಬ್ಬಳು ಓಡುವಾಗ ಆಗುವ ಎದೆಬಡಿತ ಯಾವ ಪಟ್ಟಿಯಲ್ಲೂ ಸಿಗದು. ಆ ಹುಡುಗಿ ಮರುವರ್ಷವೂ ಅಲ್ಲಿಗೆ ಹೋದಳು. ಆಗ ಅವಳ ಬೆನ್ನಿಗೆ ಎಂಟು ವಾರದ ಸ್ಪರ್ಧೆ ಇತ್ತು. ಹೀಟ್‌ನಲ್ಲಿ ಮೂರನೆಯವಳಾದಳು. ಫೈನಲ್ ಸಿಗಲಿಲ್ಲ. ಬಂದವಳೇ ಕೇಳಿದ್ದು, "ಸರ್, ಅಲ್ಲಿ ಗ್ರೌಂಡ್ ಲೆವೆಲ್ ಇತ್ತಾ?"

ಈಗ ಲೀಗ್ ಶುರುವಾಗುವ ಮೊದಲು ಅವಳ ಅಪ್ಪ ಪೈಪು ಹೆಗಲಿಗೆ ಹಾಕಿಕೊಂಡು ನನ್ನ ಬೈಕಿನ ಹಿಂದೆ ಕೂರುತ್ತಾರೆ. ಈ ಸಲ ನಾಲ್ಕು ಶಾಲೆ ಅಳೆದಾಯಿತು. ಇನ್ನೆರಡು ಬಾಕಿ, ಮಳೆ ಬಿಡಬೇಕು.