ಹಡಗುಕಟ್ಟೆ ಹೋಗಿ ಮನೆ ಬಂದ ದಡ: ಹೊಬೋಕನ್ ನಗರದ ಹಿನ್ನೆಲೆ

2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಚಂಡಮಾರುತ ಅಮೆರಿಕದ ಪೂರ್ವ ಕರಾವಳಿಗೆ ಅಪ್ಪಳಿಸಿದಾಗ, ನ್ಯೂಜೆರ್ಸಿಯ ಹೊಬೋಕನ್ ನಗರದಲ್ಲಿ ನೀರು ಬಹುಕಾಲ ನಿಂತದ್ದು ಹಡ್ಸನ್ ನದಿಗೆ ಮುಖ ಮಾಡಿದ ಬೀದಿಗಳಲ್ಲಲ್ಲ, ನದಿಯಿಂದ ಅತಿ ದೂರದಲ್ಲಿರುವ ಪಶ್ಚಿಮದ ಬೀದಿಗಳಲ್ಲಿ. ಉಕ್ಕಿದ ನದಿ ನಗರದ ಉತ್ತರ ಮತ್ತು ದಕ್ಷಿಣದ ಎರಡು ತಗ್ಗುಗಳಿಂದ ಒಳನುಗ್ಗಿ ಹಿಂಬದಿಗೆ ಸುತ್ತಿ ಬಂದು ನಿಂತಿತು. ಒಂದು ಚದರ ಮೈಲಿಗಿಂತ ತುಸು ದೊಡ್ಡದಾದ ಈ ಊರಿನೊಳಗೆ ಆ ರಾತ್ರಿ ಸುಮಾರು 50 ಕೋಟಿ ಗ್ಯಾಲನ್ ನೀರು ಸೇರಿತೆಂದು ಅಂದಾಜಿಸಲಾಗಿದೆ. ಸಾವಿರಾರು ಜನ ಮನೆಗಳಲ್ಲೇ ಸಿಲುಕಿದರು. ಅವರನ್ನು ಹೊರತರಲು ನ್ಯಾಷನಲ್ ಗಾರ್ಡ್ ಪಡೆಯ ಎತ್ತರದ ಟ್ರಕ್ಕುಗಳು ಬರಬೇಕಾಯಿತು. ನದಿಯ ನೀರು ನದಿಯಿಂದ ದೂರದ ಮನೆಗಳನ್ನೇ ಹುಡುಕಿಕೊಂಡು ಹೋದದ್ದೇಕೆ ಎಂಬುದಕ್ಕೆ ಉತ್ತರ ಹವಾಮಾನ ವರದಿಯಲ್ಲಿಲ್ಲ, ಊರಿನ ಚರಿತ್ರೆಯಲ್ಲಿದೆ.

ಹೊಬೋಕನ್ ಮೂಲತಃ ದ್ವೀಪದಂತಿದ್ದ ಜಾಗ. ನದಿಯ ಬದಿಗೆ ಕ್ಯಾಸಲ್ ಪಾಯಿಂಟ್ ಎಂಬ ಬಂಡೆಯ ದಿಬ್ಬ, ಅದರ ಬೆನ್ನಿಗೆ ಭರತದ ನೀರು ಬಂದುಹೋಗುತ್ತಿದ್ದ ಜೌಗು, ಜೌಗಿನಾಚೆ ಪ್ಯಾಲಿಸೇಡ್ಸ್ ಎಂಬ ಕಡಿದಾದ ಬಂಡೆಸಾಲು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟನ್ನಿನ ಪಕ್ಷ ಹಿಡಿದಿದ್ದ ಜಮೀನುದಾರನಿಂದ ಮುಟ್ಟುಗೋಲು ಹಾಕಿಕೊಂಡಿದ್ದ ಈ ನೆಲವನ್ನು 1784ರ ಹರಾಜಿನಲ್ಲಿ ಕರ್ನಲ್ ಜಾನ್ ಸ್ಟೀವನ್ಸ್ ಕೊಂಡರು. ಅವರು 1811ರಲ್ಲಿ ನದಿಯಾಚೆ ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್ನಿಗೆ ಉಗಿದೋಣಿ ಓಡಿಸಿದರು. ಆಗ ಊರಿಗಿದ್ದ ಹೆಸರು ವಿಹಾರತಾಣದ್ದು. ಇಲ್ಲಿನ ಎಲಿಸಿಯನ್ ಫೀಲ್ಡ್ಸ್ ಮೈದಾನದಲ್ಲಿ 1846ರಲ್ಲಿ ನಡೆದ ಬೇಸ್‌ಬಾಲ್ ಪಂದ್ಯ ಆ ಆಟದ ಚರಿತ್ರೆಯಲ್ಲಿ ದಾಖಲಾಗಿದೆ. ಮುಂದೆ ಸ್ಟೀವನ್ಸ್ ಮನೆತನದ ಕಂಪನಿ ಬೀದಿಗಳನ್ನು ಗುರುತಿಸಿ ನಿವೇಶನಗಳನ್ನು ಮಾರಿತು. ದಿಬ್ಬದ ಮೇಲೆ ಉಳ್ಳವರ ಮನೆಗಳು ಬಂದವು. ಹಿಂದಿನ ಜೌಗನ್ನು ವರ್ಷಗಳ ಕಾಲ ಮಣ್ಣು, ಕಸ, ಬೂದಿ ಸುರಿದು ತುಂಬಿ, ಅಲ್ಲಿ ರೈಲುಹಳಿ, ಕಾರ್ಖಾನೆ ಮತ್ತು ಕೂಲಿಕಾರರ ವಠಾರಗಳನ್ನು ಕಟ್ಟಲಾಯಿತು. ಮನೆಗಳ ಕೊಳಚೆಯೂ ಬೀದಿಯ ಮಳೆನೀರೂ ಒಂದೇ ಕೊಳವೆಯಲ್ಲಿ ನದಿಗೆ ಹೋಗುವ ಒಳಚರಂಡಿ ಬಂತು. ನದಿಯಲ್ಲಿ ಭರತವಿದ್ದಾಗ ಆ ಕೊಳವೆಗಳ ಬಾಯಿ ಮುಚ್ಚಿದಂತಾಗುತ್ತದೆ. ಜೋರು ಮಳೆಯೂ ಅದೇ ಹೊತ್ತಿಗೆ ಬಂದರೆ ನೀರು ಹಿಂದಕ್ಕೆ ಒತ್ತಿ ತಗ್ಗಿನ ಬೀದಿಗಳಲ್ಲಿ ಉಕ್ಕುತ್ತದೆ. ಇಂದಿಗೂ ಸ್ಥಿತಿ ಬಹುಮಟ್ಟಿಗೆ ಇದೇ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ನದಿಯಂಚು ಜರ್ಮನ್ ಹಡಗು ಕಂಪನಿಗಳದ್ದಾಗಿತ್ತು. 1900ರ ಜೂನ್ 30ರಂದು ನಾರ್ತ್ ಜರ್ಮನ್ ಲಾಯ್ಡ್ ಕಂಪನಿಯ ಕಟ್ಟೆಯಲ್ಲಿದ್ದ ಹತ್ತಿಯ ಮೂಟೆಗಳಿಗೆ ಹತ್ತಿದ ಬೆಂಕಿ ನಿಮಿಷಗಳಲ್ಲಿ ಹಡಗುಗಳಿಗೆ ಹಬ್ಬಿ, 300ಕ್ಕೂ ಹೆಚ್ಚು ಜನ ಸತ್ತರು. ಅನೇಕರು ಹಡಗಿನ ಪಕ್ಕೆಯ ದುಂಡು ಕಿಟಕಿಗಳವರೆಗೆ ಬಂದು, ಸಹಾಯಕ್ಕೆ ಬಂದ ದೋಣಿಗಳವರ ಕಣ್ಣೆದುರಿಗೇ ಒಳಗೆ ಉಳಿದುಬಿಟ್ಟರು, ಏಕೆಂದರೆ ದೊಡ್ಡವರ ಮೈ ತೂರುವಷ್ಟು ಆ ಕಿಟಕಿಗಳು ಅಗಲವಿರಲಿಲ್ಲ. ಆ ದುರಂತದ ಮೇಲೆಯೂ ಕಟ್ಟೆಗಳು ಮತ್ತೆ ಎದ್ದವು. 1917ರಲ್ಲಿ ಅಮೆರಿಕ ಜರ್ಮನಿಯ ವಿರುದ್ಧ ಮೊದಲ ಮಹಾಯುದ್ಧಕ್ಕಿಳಿದಾಗ ಸರ್ಕಾರ ಅವುಗಳನ್ನು ವಶಪಡಿಸಿಕೊಂಡು ಯುರೋಪಿಗೆ ಸೈನಿಕರನ್ನು ಕಳಿಸುವ ಬಂದರು ಮಾಡಿತು. ಊರಿನ ಜರ್ಮನ್ ಸಮುದಾಯ ಆ ಹೊಡೆತದಿಂದ ಚೇತರಿಸಿಕೊಳ್ಳಲಿಲ್ಲ.

ನಿತ್ಯ ಪ್ರಯಾಣಿಕರ ಊರೆಂಬ ಹೆಸರು ಹೊಬೋಕನ್ನಿಗೆ ಇತ್ತೀಚೆಗೆ ಬಂದದ್ದೆಂದು ಹಲವರು ತಿಳಿದಿದ್ದಾರೆ. ಇದು ಅರ್ಧ ಮಾತ್ರ ನಿಜ. ಲಕವಾನ ರೈಲ್ವೆಯ ಭವ್ಯ ನಿಲ್ದಾಣ 1907ರಲ್ಲಿ ತೆರೆಯಿತು. ನದಿಯ ತಳದ ಸುರಂಗದಲ್ಲಿ ಮ್ಯಾನ್‌ಹಟನ್ನಿಗೆ ಹೋಗುವ ರೈಲು 1908ರ ಫೆಬ್ರವರಿಯಲ್ಲಿ ಹೊರಟಿತು. ಆದರೆ ಆಗ ಪ್ರಯಾಣಿಕರು ನ್ಯೂಜೆರ್ಸಿಯ ಒಳನಾಡಿನ ಉಪನಗರಗಳವರು. ಅವರಿಗೆ ಹೊಬೋಕನ್ ಎಂದರೆ ರೈಲಿನಿಂದಿಳಿದು ದೋಣಿಗೋ ಸುರಂಗಕ್ಕೋ ಹೋಗುವ ನಡುವಿನ ಕೆಲವು ನಿಮಿಷ ಮಾತ್ರ. ಊರಿನವರಾದರೋ ಕೆಲಸಕ್ಕೆ ಹೋಗುತ್ತಿದ್ದದ್ದು ನಡೆದುಕೊಂಡು, ಹಡಗುಕಟ್ಟೆಗೋ ಹಡಗು ದುರಸ್ತಿಯ ಅಂಗಳಕ್ಕೋ ಕಾರ್ಖಾನೆಗೋ. ಊರು ಬದಲಾಯಿತು ಎನ್ನುವುದರ ತಿರುಳು ನನ್ನ ಮಟ್ಟಿಗೆ ಇದೇ: ಅದೇ ನಿಲ್ದಾಣ, ಅದೇ ಸುರಂಗ ಇದ್ದಲ್ಲೇ ಇವೆ, ದುಡಿಮೆ ಮಾತ್ರ ನದಿ ದಾಟಿತು.

ದಾಟಿಸಿದ್ದು ಒಂದು ಪೆಟ್ಟಿಗೆ. 1956ರ ಏಪ್ರಿಲ್ 26ರಂದು ಪಕ್ಕದ ನೆವಾರ್ಕ್ ಬಂದರಿನಿಂದ ಮಾಲ್ಕಮ್ ಮೆಕ್‌ಲೀನ್ ಅವರ ಐಡಿಯಲ್ ಎಕ್ಸ್ ಹಡಗು 58 ಕಂಟೇನರ್‌ಗಳನ್ನು ಹೊತ್ತು ಹ್ಯೂಸ್ಟನ್ನಿಗೆ ಹೊರಟಿತು. ಮೂಟೆಗಳನ್ನು ಒಂದೊಂದಾಗಿ ಹೊತ್ತು ಹಾಕುವ ಕೆಲಸವನ್ನು ಕ್ರೇನು ಮಾಡತೊಡಗಿದ ಮೇಲೆ ಹಡಗುಕಟ್ಟೆಗೆ ಬೇಕಾದದ್ದು ಹಮಾಲರ ಬಲವಲ್ಲ, ಪೆಟ್ಟಿಗೆಗಳನ್ನು ಪೇರಿಸಿಡಲು ಎಕರೆಗಟ್ಟಲೆ ಬಯಲು. ದಿಬ್ಬಕ್ಕೂ ನದಿಗೂ ನಡುವೆ ಇಕ್ಕಟ್ಟಿನ ಪಟ್ಟಿಯಷ್ಟೇ ಇದ್ದ ಹೊಬೋಕನ್ನಿನಲ್ಲಿ ಅಂಥ ಬಯಲಿರಲಿಲ್ಲ. ವ್ಯಾಪಾರ ನೆವಾರ್ಕ್ ಮತ್ತು ಎಲಿಜಬೆತ್ ಬಂದರುಗಳಿಗೆ ಹೋಯಿತು. 1967ರಲ್ಲಿ ಹಳೆಯ ದೋಣಿ ಸೇವೆಯೂ ನಿಂತಿತು. 1910ರಲ್ಲಿ 70,324 ಇದ್ದ ಜನಸಂಖ್ಯೆ 1990ರ ಹೊತ್ತಿಗೆ 33,397ಕ್ಕೆ ಇಳಿದಿತ್ತು. 1939ರಿಂದ ಊರಿಗೆಲ್ಲ ಹುರಿದ ಕಾಫಿಯ ಪರಿಮಳ ಹರಡಿದ್ದ ಮ್ಯಾಕ್ಸ್‌ವೆಲ್ ಹೌಸ್ ಕಾರ್ಖಾನೆ 1992ರಲ್ಲಿ ಮುಚ್ಚಿತು.

ಆ ಹೊತ್ತಿಗಾಗಲೇ ಬೇರೆ ಜನ ಬರತೊಡಗಿದ್ದರು. ಮ್ಯಾನ್‌ಹಟನ್ನಿನ ಬಾಡಿಗೆ ಕಟ್ಟಲಾಗದ ಕಲಾವಿದರು, ಕಚೇರಿಗಳ ಯುವ ನೌಕರರು ಸುರಂಗ ರೈಲಿನಲ್ಲಿ ಹತ್ತು–ಹದಿನೈದು ನಿಮಿಷ ದೂರದ ಈ ಅಗ್ಗದ ಊರನ್ನು ಕಂಡುಕೊಂಡರು. ಲೆಕ್ಕ ಮಾಡಲು ಬಳಸುವ ಜಾರುಪಟ್ಟಿಗಳನ್ನು (ಸ್ಲೈಡ್ ರೂಲ್) ತಯಾರಿಸುತ್ತಿದ್ದ ಕ್ಯೂಫೆಲ್ ಅಂಡ್ ಎಸ್ಸರ್ ಕಾರ್ಖಾನೆ 1970ರ ದಶಕದಲ್ಲೇ ವಸತಿ ಕಟ್ಟಡವಾಗಿತ್ತು. ಆದರೆ ಅವರು ಕಂಡುಕೊಂಡ ಊರು ಖಾಲಿಯಿರಲಿಲ್ಲ. ಕಾರ್ಖಾನೆಗಳನ್ನು ನಂಬಿ ಬಂದಿದ್ದ ಪೋರ್ಟೊರಿಕೊ ಮೂಲದ ಕುಟುಂಬಗಳು ವಠಾರಗಳಲ್ಲಿದ್ದವು. 1970ರ ದಶಕದ ಕೊನೆಯಿಂದ 1980ರ ದಶಕದ ಮೊದಲ ವರ್ಷಗಳವರೆಗೆ ಈ ವಠಾರಗಳಲ್ಲಿ ಮತ್ತೆ ಮತ್ತೆ ಬೆಂಕಿ ಬಿದ್ದು 50ಕ್ಕೂ ಹೆಚ್ಚು ಜನ ಸತ್ತರು, ಸಾವಿರಾರು ಜನ ಮನೆ ಕಳೆದುಕೊಂಡರು. ಹಲವು ಬೆಂಕಿಗಳು ಬೇಕೆಂದೇ ಹಚ್ಚಿದವು. ಕಟ್ಟಡ ಖಾಲಿಯಾದರೆ ಬೆಲೆ ಏರುವ ಕಾಲವದು. ಈ ಊರಿನ ಏಳಿಗೆಯ ಕಥೆಯನ್ನು ಹೇಳುವಾಗ ಈ ಅಧ್ಯಾಯವನ್ನು ಬಿಟ್ಟರೆ ಅದು ಸತ್ತವರಿಗೆ ಮಾಡುವ ಅನ್ಯಾಯ. 1973ರಲ್ಲಿ ಜಾರಿಗೆ ಬಂದ ಬಾಡಿಗೆ ನಿಯಂತ್ರಣ ನಿಯಮವನ್ನು ಇಲ್ಲಿನವರು ಇಷ್ಟು ಗಟ್ಟಿಯಾಗಿ ಹಿಡಿದುಕೊಂಡಿರುವುದಕ್ಕೆ ಆ ನೆನಪೂ ಒಂದು ಕಾರಣವಿರಬೇಕು. ಬಾಡಿಗೆದಾರರು ತೆರವು ಮಾಡಿದ ಮನೆಯ ಮಾಲೀಕರು ನಗರದ ವಸತಿ ನಿಧಿಗೆ 2,500 ಡಾಲರ್ ಕಟ್ಟಿ ಬಾಡಿಗೆಯನ್ನು ಮಾರುಕಟ್ಟೆ ದರಕ್ಕೆ ಏರಿಸಿಕೊಳ್ಳಬಹುದೆಂಬ ಪ್ರಸ್ತಾಪ 2024ರ ನವೆಂಬರಿನಲ್ಲಿ ಮತಕ್ಕೆ ಬಂದಾಗ, ಮತದಾರರು ಅದನ್ನು ಭಾರಿ ಅಂತರದಿಂದ ತಿರಸ್ಕರಿಸಿದರು.

ಹಳೆಯ ಕಾರ್ಖಾನೆಯಲ್ಲಿ ಮನೆ ಮಾಡುವುದರ ಇನ್ನೊಂದು ಮುಖ ಗ್ರ್ಯಾಂಡ್ ಸ್ಟ್ರೀಟಿನಲ್ಲಿ ಕಂಡಿತು. ಅಲ್ಲಿ ಪಾದರಸ ದೀಪಗಳನ್ನು ತಯಾರಿಸುತ್ತಿದ್ದ ಐದಂತಸ್ತಿನ ಕಟ್ಟಡವನ್ನು 1990ರ ದಶಕದ ಮೊದಲ ವರ್ಷಗಳಲ್ಲಿ ಕಲಾವಿದರ ಗುಂಪೊಂದು ಕೂಡಿ ಕೊಂಡು, ಮನೆಗಳಾಗಿಯೂ ಕಾರ್ಯಾಗಾರಗಳಾಗಿಯೂ ಮಾರ್ಪಡಿಸಿಕೊಂಡಿತು. ನೆಲದ ಹಲಗೆಗಳನ್ನು ಎತ್ತಿದಾಗ ಸಂದುಗಳಲ್ಲಿ ಬೆಳ್ಳಿಯಂತೆ ಹೊಳೆಯುವ ಹನಿಗಳು ಉರುಳಾಡುತ್ತಿದ್ದವು. ದೀಪದ ಕೆಲಸ ನಿಂತು ದಶಕಗಳೇ ಕಳೆದಿದ್ದರೂ ಪಾದರಸ ಹೋಗಿರಲಿಲ್ಲ; ಹಲಗೆಯಿಂದ ಆವಿಯಾಗಿ ಮೇಲೇಳುತ್ತಿತ್ತು. ಪರೀಕ್ಷೆ ಮಾಡಿದಾಗ ನಿವಾಸಿಗಳ ಮೈಯಲ್ಲೂ ಅದರ ಅಂಶ ಸಿಕ್ಕಿತು. 1996ರ ಜನವರಿಯ ಚಳಿಯಲ್ಲಿ ಎಲ್ಲರೂ ಹೊರಡಬೇಕಾಯಿತು; ಮರುವರ್ಷ ಈ ಜಾಗ, ವಿಷಪೂರಿತ ಜಾಗಗಳನ್ನು ಶುದ್ಧಗೊಳಿಸುವ ಕೇಂದ್ರ ಸರ್ಕಾರದ ಸೂಪರ್‌ಫಂಡ್ ಪಟ್ಟಿಗೆ ಸೇರಿತು, ಮುಂದೆ ಕಟ್ಟಡವನ್ನೇ ಕೆಡವಲಾಯಿತು. ಇಟ್ಟಿಗೆಯ ಗೋಡೆ, ಎತ್ತರದ ಕಿಟಕಿಗಳೆಂದು ಮೆಚ್ಚಿ ಹಳೆಯ ಕಾರ್ಖಾನೆಯಲ್ಲಿ ಮನೆ ಹುಡುಕುವವರು ಮೊದಲು ಕೇಳಬೇಕಾದದ್ದು ಅಲ್ಲಿ ಏನು ತಯಾರಾಗುತ್ತಿತ್ತು ಎಂಬ ಪ್ರಶ್ನೆಯನ್ನೇ.

ನದಿಯಂಚು ಯಾರದು ಎಂಬ ಜಗಳವೂ ಇದೇ ಕಾಲದ್ದು. ದಕ್ಷಿಣದ ಹಾಳುಬಿದ್ದ ಕಟ್ಟೆಗಳ ಜಾಗದಲ್ಲಿ ಬೃಹತ್ ಕಟ್ಟಡಗಳನ್ನೆಬ್ಬಿಸುವ ಯೋಜನೆಯನ್ನು ಮತದಾರರು 1990ರಲ್ಲೊಮ್ಮೆ, 1992ರಲ್ಲಿ ಮತ್ತೊಮ್ಮೆ ತಳ್ಳಿಹಾಕಿದರು. ಆ ಪಟ್ಟಿನ ಫಲವಾಗಿ ಇಂದು ನದಿಯುದ್ದಕ್ಕೂ ಸಾರ್ವಜನಿಕ ನಡಿಗೆದಾರಿಯಿದೆ, ಹಡಗುಕಟ್ಟೆಗಳಿದ್ದಲ್ಲಿ ಉದ್ಯಾನಗಳಿವೆ. ಕೊನೆಯದಾಗಿ ಉಳಿದಿದ್ದ ಯೂನಿಯನ್ ಡ್ರೈ ಡಾಕ್ ಎಂಬ ಹಡಗು ದುರಸ್ತಿಯ ಅಂಗಳವನ್ನು 2017ರಲ್ಲಿ ದೋಣಿ ಸೇವೆಯ ಕಂಪನಿಯೊಂದು ಕೊಂಡಿತು. ಅಲ್ಲಿ ತನ್ನ ದೋಣಿಗಳನ್ನು ದುರಸ್ತಿ ಮಾಡಿಕೊಳ್ಳುವುದು ಅದರ ಉದ್ದೇಶವಾಗಿತ್ತು. ಜನ ಉದ್ಯಾನವೇ ಬೇಕೆಂದರು. ವರ್ಷಗಳ ಹಗ್ಗಜಗ್ಗಾಟದ ನಂತರ ನಗರವೇ 1 ಕೋಟಿ 85 ಲಕ್ಷ ಡಾಲರ್ ತೆತ್ತು ಜಾಗವನ್ನು ಪಡೆಯಿತು. ನನಗೆ ಉದ್ಯಾನದ ಪಕ್ಷವೇ ಸರಿಯೆನಿಸುತ್ತದೆ. ಆದರೂ ದಿನ ಬೆಳಗಾದರೆ ದೋಣಿ ಹತ್ತುವ ಊರು ಆ ದೋಣಿಯ ದುರಸ್ತಿ ಮಾತ್ರ ಬೇರೆಲ್ಲಾದರೂ ನಡೆಯಲಿ ಎನ್ನುವಾಗ, ಆ ಬೇರೆಲ್ಲೋ ಇರುವ ಊರಿನವರ ಮಾತನ್ನೂ ಕೇಳಬೇಕಾಗುತ್ತದೆ.

ಸ್ಯಾಂಡಿಯ ರಾತ್ರಿ ಸುರಂಗ ರೈಲಿನ ನಿಲ್ದಾಣದಲ್ಲಿ ಲಿಫ್ಟಿನ ಬಾಗಿಲಿನ ಸಂದಿನಿಂದ ನೀರು ಜಲಪಾತದಂತೆ ಚಿಮ್ಮಿತು. ನಿಲ್ದಾಣ ಡಿಸೆಂಬರ್ 19ರವರೆಗೆ ಮುಚ್ಚಿತ್ತು. ಕೆಲಸಗಾರರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಸಾರ್ವಜನಿಕ ಸಾರಿಗೆಯನ್ನೇ ನಂಬಿದ್ದ ಊರಿಗೆ ಇದು ದೊಡ್ಡ ಪೆಟ್ಟು. ತುಂಬಿದ ಜೌಗಿನ ಮೇಲೆ ನಿಂತಿರುವ ಸಾರ್ವಜನಿಕ ವಸತಿ ಕಟ್ಟಡಗಳ ಬಡವರಿಗೆ ಪೆಟ್ಟು ಇನ್ನೂ ದೊಡ್ಡದು. ನೀರಿನ ಸಮಸ್ಯೆ ನೀರು ಎಲ್ಲಿ ನಿಲ್ಲುತ್ತಿತ್ತೋ ಅಲ್ಲೇ ಬಗೆಹರಿಯಬೇಕೆಂದು ನಗರ ನಿರ್ಧರಿಸಿದ್ದು ಆಮೇಲೆ. ವಾಯವ್ಯ ಭಾಗದಲ್ಲಿ ಹಿಂದೆ ರಾಸಾಯನಿಕ ಕಾರ್ಖಾನೆಯಿದ್ದ ಐದು ಎಕರೆಯನ್ನು ಕೊಂಡು, 2023ರಲ್ಲಿ ಅಲ್ಲಿ ರೆಸಿಲಿಯನ್‌ಸಿಟಿ ಪಾರ್ಕ್ ತೆರೆಯಲಾಯಿತು. ಮೇಲೆ ಮಕ್ಕಳ ಆಟದ ಜಾಗ ಮತ್ತು ಮೈದಾನ. ನೆಲದಡಿಯ ತೊಟ್ಟಿಯೂ ಸೇರಿ ಸುಮಾರು 20 ಲಕ್ಷ ಗ್ಯಾಲನ್, ಅಂದರೆ 75 ಲಕ್ಷ ಲೀಟರ್ ಮಳೆನೀರನ್ನು ಹಿಡಿದಿಡುವ ವ್ಯವಸ್ಥೆ. ಮಳೆ ನಿಂತು ಕೊಳವೆಗಳು ತೆರವಾದ ಮೇಲೆ ಆ ನೀರನ್ನು ಹೊರಬಿಡಲಾಗುತ್ತದೆ.

ನದಿ ಉಕ್ಕಿದರೆ ತಡೆಯುವ ಗೋಡೆಗೆ ಕೇಂದ್ರ ಸರ್ಕಾರ 2014ರಲ್ಲಿ 23 ಕೋಟಿ ಡಾಲರ್ ಕೊಟ್ಟಿತು. ಉತ್ತರದ ಅಂಚಿನಲ್ಲಿ ಗೋಡೆ ನೀರಿಗೆ ಹೊಂದಿಯೇ ಬರುತ್ತದೆಂದು ತಿಳಿದಾಗ, ನದಿಯ ನೋಟ ಮುಚ್ಚಿಹೋಗುತ್ತದೆಂದು ನಿವಾಸಿಗಳು ಗಟ್ಟಿಯಾಗಿ ವಿರೋಧಿಸಿದರು. ಹೀಗಾಗಿ ಅದು ಒಳಗೆ ಸರಿದು, ಮನೆಗಳ ಹಿಂಬದಿಯ ಓಣಿಯಲ್ಲಿ ಸಾಗುವಂತಾಯಿತು. ನದಿಯ ಅಂಚಿನ ಕೆಲವು ಕಟ್ಟಡಗಳು ಅದರ ಹೊರಗೇ ಉಳಿದವು. ಗೋಡೆ ಬೀದಿಗಳನ್ನು ದಾಟುವ ಕಡೆಗಳಲ್ಲಿ ಗೇಟುಗಳನ್ನು ಇಡಲಾಗುತ್ತದೆ. ಉಳಿದ ದಿನಗಳಲ್ಲಿ ಅವು ತೆರೆದಿರುತ್ತವೆ, ಚಂಡಮಾರುತದ ಮುನ್ಸೂಚನೆ ಬಂದಾಗ ನಗರದ ಸಿಬ್ಬಂದಿ ಹೋಗಿ ಒಂದೊಂದನ್ನೂ ಮುಚ್ಚಬೇಕು.