ಬನಾವೆಯ ಮೆಟ್ಟಿಲುಗದ್ದೆಗಳ ವಯಸ್ಸೆಷ್ಟು?

ಪ್ರಶ್ನೆ: ಫಿಲಿಪ್ಪೀನ್ಸಿನ ಬನಾವೆಯ ಭತ್ತದ ಗದ್ದೆಗಳು 2000 ವರ್ಷ ಹಳೆಯವು ಎಂದು ಎಲ್ಲ ಕಡೆ ಓದುತ್ತೇವೆ. ಈಚೆಗೆ ಕೆಲವರು ಬರೀ 400 ವರ್ಷ ಅನ್ನುತ್ತಾರೆ. ಯಾವುದನ್ನು ನಂಬುವುದು?

ಉತ್ತರ: ಮಣ್ಣಲ್ಲಿ ಸಿಕ್ಕ ಪುರಾವೆ 400ರ ಕಡೆಗೇ ವಾಲುತ್ತದೆ. 2000 ಅನ್ನುವುದು ಅಳೆದು ಹೇಳಿದ ಲೆಕ್ಕವಲ್ಲ, ಅಂದಾಜು.

ಬನಾವೆ ಇರುವುದು ಲುಜಾನ್ ದ್ವೀಪದ ಉತ್ತರ ಭಾಗದಲ್ಲಿ, ಕಾರ್ಡಿಲ್ಲೆರಾ ಬೆಟ್ಟಸಾಲಿನ ಇಫುಗಾವ್ ಪ್ರಾಂತ್ಯದಲ್ಲಿ. ದ್ವೀಪಗಳ ದೇಶವಾದರೂ ಈ ಪ್ರಾಂತ್ಯಕ್ಕೆ ಕಡಲ ತೀರವಿಲ್ಲ. ಮನಿಲಾದಿಂದ ಸುಮಾರು 350 ಕಿ.ಮೀ.; ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಇಳಿಯಬಹುದು. ಕಡತದಲ್ಲಿ ಇದು ‘ಮುನಿಸಿಪಾಲಿಟಿ’. ಹಾಗೆಂದು ನಮ್ಮ ಪುರಸಭೆಯನ್ನು ನೆನೆಯಬೇಡಿ. ನಡುವೆ ಒಂದು ಸಣ್ಣ ಪೇಟೆ, ಸುತ್ತಲಿನ ಬೆಟ್ಟಗಳಲ್ಲಿ ಚೆದುರಿದ ಬರಂಗಾಯ್‌ಗಳು ಅಂದರೆ ಹಳ್ಳಿಗಳು, ಎಲ್ಲಕ್ಕೂ ಸೇರಿ ಒಬ್ಬ ಚುನಾಯಿತ ಮೇಯರ್. ಇಫುಗಾವ್ ತಾನೇ ಒಂದು ಪ್ರಾಂತ್ಯವಾದದ್ದು 1966ರಲ್ಲಿ. ಅದಕ್ಕೂ ಮುಂಚೆ ಅದು ಮೌಂಟನ್ ಪ್ರಾವಿನ್ಸಿನ ಭಾಗ.

2000ದ ಲೆಕ್ಕ ಬಂದದ್ದು 20ನೇ ಶತಮಾನದ ಮೊದಲರ್ಧದಲ್ಲಿ. ಹೆನ್ರಿ ಓಟ್ಲಿ ಬೇಯರ್, ರಾಯ್ ಬಾರ್ಟನ್ ಎಂಬ ಅಮೆರಿಕನ್ ವಿದ್ವಾಂಸರು ಗದ್ದೆಗಳನ್ನು ತಡೆದು ನಿಲ್ಲಿಸುವ ಇಷ್ಟು ಗೋಡೆಯನ್ನು ಕೈಯಲ್ಲೇ ಕಟ್ಟಲು ಎರಡು ಮೂರು ಸಾವಿರ ವರ್ಷವಾದರೂ ಹಿಡಿದಿರಬೇಕು ಎಂದು ಊಹಿಸಿದರು. ಆಗ ಎಷ್ಟು ಜನ ಇದ್ದರು, ವರ್ಷಕ್ಕೆ ಎಷ್ಟು ಕಟ್ಟುತ್ತಿದ್ದರು ಎಂಬುದಕ್ಕೆ ಆಧಾರವಿರಲಿಲ್ಲ. ಆದರೂ ಯುನೆಸ್ಕೋದ ವಿವರಣೆಯಲ್ಲಿ ಇಂದಿಗೂ ಅದೇ 2000 ಇದೆ, ಹಾಗಾಗಿ ಆ ಸಂಖ್ಯೆ ಸಾಯುವ ಹಾಗೆ ಕಾಣುವುದಿಲ್ಲ.

ಗೋಡೆಯ ವಯಸ್ಸನ್ನು ಕಲ್ಲು ಹೇಳುವುದಿಲ್ಲ. ಕಲ್ಲು ಬೆಟ್ಟದಷ್ಟೇ ಹಳೆಯದು. ಗೋಡೆಯ ಬುಡದಲ್ಲಿ, ಅದರ ಹಿಂದೆ ತುಂಬಿದ ಮಣ್ಣಿನಲ್ಲಿ ಸಿಕ್ಕುವ ಇದ್ದಿಲಿನ ಚೂರನ್ನು ವಯಸ್ಸು ಅಳೆಯುವ ಕಾರ್ಬನ್ ಪರೀಕ್ಷೆಗೆ ಕಳಿಸಬೇಕು. ಇಲ್ಲಿಯೂ ಎಡವುವ ಜಾಗಗಳಿವೆ. ಮೇಲಿನ ಕಾಡಲ್ಲಿ ಎಂದೋ ಸುಟ್ಟ ಮರದ ಇದ್ದಿಲು ಮಳೆಗೆ ಕೊಚ್ಚಿ ಬಂದಿದ್ದರೆ ಗದ್ದೆ ಇದ್ದದ್ದಕ್ಕಿಂತ ಹಳೆಯದಾಗಿ ಕಾಣುತ್ತದೆ. ಗೋಡೆ ಬಿದ್ದು ಮತ್ತೆ ಕಟ್ಟಿದ್ದರೆ ಹೊಸದಾಗಿ ಕಾಣುತ್ತದೆ. ಪುರಾತತ್ವಜ್ಞ ಸ್ಟೀಫನ್ ಅಕಬಾಡೊ ಬನಾವೆಯ ಬೋಕೋಸ್ ಗದ್ದೆಗಳಲ್ಲಿ ಬೇರೆ ಬೇರೆ ಮಟ್ಟದ ಮಾದರಿಗಳನ್ನು ಸಂಖ್ಯಾಶಾಸ್ತ್ರದಿಂದ ಒಟ್ಟಿಗೆ ಜೋಡಿಸಿ ನೋಡಿದ್ದು ಇದೇ ಕಾರಣಕ್ಕೆ. 2009ರಲ್ಲಿ ಪ್ರಕಟವಾದ ಆ ಕೆಲಸ ಗದ್ದೆಗಳ ಹರಡುವಿಕೆಯನ್ನು ಸುಮಾರು 16ನೇ ಶತಮಾನದಿಂದ ಈಚೆಗೆ ತಂದಿತು. ಆಮೇಲೆ ಇಫುಗಾವಿನದೇ ಇನ್ನೊಂದು ಮುನಿಸಿಪಾಲಿಟಿಯಾದ ಕಿಯಾಂಗಾನಿನ ಹಳೆಯ ಊರಿನ ಅಗೆತದಲ್ಲಿ ಇನ್ನೊಂದು ಸಂಗತಿ ಹೊರಬಿತ್ತು: ಅಲ್ಲಿ ಮೊದಲು ಬೆಳೆಯುತ್ತಿದ್ದದ್ದು ಕೆಸುವಿನ ಗೆಡ್ಡೆ, ಕೆಸರುಗದ್ದೆಯ ಭತ್ತ ಕಾಣಿಸಿಕೊಳ್ಳುವುದು ಸುಮಾರು 1650ರ ನಂತರ.

ಆ ಹೊತ್ತಿಗೇ ಯಾಕೆ? ಸ್ಪೇನಿನವರು ಕೆಳಗಿನ ಮಗಾತ್ ಕಣಿವೆಗೆ ಕಾಲಿಟ್ಟಿದ್ದರು. ಅವರ ಕೈಗೆ ಸಿಗದೆ ಬೆಟ್ಟ ಹತ್ತಿದ ಜನಕ್ಕೆ ಅನ್ನವೂ ಬೇಕಿತ್ತು, ಒಗ್ಗಟ್ಟೂ ಬೇಕಿತ್ತು. ಭತ್ತದ ಗದ್ದೆ ಎರಡನ್ನೂ ಕೊಟ್ಟಿತು ಎಂಬುದು ಅಕಬಾಡೊ ವಾದ. 400 ಅಂದರೆ ಊರಿನ ಹಿರಿಮೆ ಕಡಿಮೆಯಾಯಿತೆಂದು ಬೇಸರಪಡುವವರಿದ್ದಾರೆ. ನಮಗೆ ತದ್ವಿರುದ್ಧ ಅನ್ನಿಸುತ್ತದೆ: ಇಡೀ ಬೆಟ್ಟವನ್ನು ಕೆಲವೇ ತಲೆಮಾರುಗಳಲ್ಲಿ ಗದ್ದೆ ಮಾಡುವುದು ದೊಡ್ಡ ಸಾಹಸ.

ಪ್ರವಾಸಿಗರು ಎಡವುವ ಒಂದು ವಿಷಯ. 1995ರ ವಿಶ್ವ ಪರಂಪರೆ ಪಟ್ಟಿಯಲ್ಲಿರುವುದು ಐದು ಗದ್ದೆಸಮೂಹಗಳು. ಅದರಲ್ಲಿ ಬನಾವೆಯವು ಬಾತಾದ್ ಮತ್ತು ಬಂಗಾಆನ್. ಪೇಟೆ ಪಕ್ಕದ ವ್ಯೂಪಾಯಿಂಟಿನಿಂದ ಕಾಣುವ, ಎಲ್ಲರೂ ಫೋಟೋ ತೆಗೆಯುವ ಗದ್ದೆಗಳು ಅದರಲ್ಲಿಲ್ಲ. 2001ರಿಂದ 2012ರವರೆಗೆ ಈ ತಾಣ ‘ಅಪಾಯದಲ್ಲಿರುವ’ ಪಟ್ಟಿಯಲ್ಲಿತ್ತು.

ಅಪಾಯ ಎಲ್ಲಿದೆ ಎಂದು ತಿಳಿಯಲು ಒಂದೇ ಒಂದು ಗದ್ದೆಯನ್ನು ನೋಡಿದರೆ ಸಾಕು. ಇಫುಗಾವ್ ಮಾತಿನಲ್ಲಿ ಅದು ‘ಪಯೋ’. ಬುಡಕ್ಕೆ ದೊಡ್ಡ ಬಂಡೆ, ಮೇಲೆ ಕಲ್ಲಿನ ಗೋಡೆ, ಅದರ ಹಿಂದೆ ಜಲ್ಲಿ, ಆಮೇಲೆ ನೀರು ಹಿಡಿಯುವ ಜೇಡಿ, ಎಲ್ಲಕ್ಕೂ ಮೇಲೆ ಬೆಳೆಯುವ ಮಣ್ಣು. ನೀರು ಬರುವುದು ನೆತ್ತಿಯ ‘ಮುಯೋಂಗ್’ ಎಂಬ ಮನೆತನದ ಕಾಡಿನಿಂದ, ಕಾಲುವೆ ಹಿಡಿದು. ‘ತಿನಾವೊನ್’ ಎಂಬ ನಾಡ ಭತ್ತ ವರ್ಷಕ್ಕೆ ಒಂದೇ ಬೆಳೆ, ಕೊಯ್ಲು ಸಾಮಾನ್ಯವಾಗಿ ಜುಲೈ ಹೊತ್ತಿಗೆ. ಕೊಯ್ಲಾದರೂ ಗದ್ದೆಯಲ್ಲಿ ನೀರು ನಿಂತೇ ಇರಬೇಕು. ಒಣಗಿದರೆ ಜೇಡಿ ಬಿರಿಯುತ್ತದೆ; ಮುಂದಿನ ಮಳೆಯಲ್ಲಿ ನೀರು ಬಿರುಕಿಗೆ ಇಳಿದು ಹಿಂದಿನ ಮಣ್ಣನ್ನು ನೆನೆಸಿ ಭಾರ ಮಾಡುತ್ತದೆ, ಗೋಡೆ ಹೊಟ್ಟೆ ಬಿಟ್ಟು ಕುಸಿಯುತ್ತದೆ. ದೊಡ್ಡ ಎರೆಹುಳುಗಳ ಬಿಲವೂ ಇದೇ ಕೆಲಸ ಮಾಡುತ್ತದೆ. ಮೇಲಿನ ಮುಯೋಂಗ್ ಕಡಿದರೆ ಕಾಲುವೆ ಬತ್ತುತ್ತದೆ. ಹರೆಯದವರು ಊರು ಬಿಟ್ಟರೆ ಮುಯ್ಯಾಳಿನಂಥ ‘ಉಬ್ಬು’ ಪದ್ಧತಿಗೆ ಕೈಗಳೇ ಸಾಲುವುದಿಲ್ಲ.

ಬಿದ್ದ ಗೋಡೆಯನ್ನು ಅದೇ ಕಲ್ಲುಗಳನ್ನು ಆರಿಸಿ ಮತ್ತೆ ಕಟ್ಟುತ್ತಾರೆ. ಹಾಗಾಗಿ ನೀವು ಕೈಯಿಟ್ಟು ನೋಡುವ ಗೋಡೆ ಹೋದ ವರ್ಷದ್ದಿರಬಹುದು, ಅದು ತಡೆದು ನಿಲ್ಲಿಸಿರುವ ಗದ್ದೆ ನೂರಾರು ವರ್ಷದ್ದು.